ಮಳೆ ಶಬ್ದ ಕೇಳಿದ್ರೆ ಇವ್ರಿಗೆ ನಿದ್ದೆ ಇಲ್ಲ, ಕೌನ್ಸೆಲಿಂಗ್‌ನಿಂದ ಏನಾದ್ರೂ ಆಗುತ್ತಾ?

ಪ್ರಶ್ನೆ: ನಮ್ಮದು ಕೊಡಗಿನ ಮಾದಾಪುರ ಕಡೆ, ಸಣ್ಣ ಕಾಫಿ ತೋಟ. 2018ರ ಆಗಸ್ಟ್‌ನಲ್ಲಿ ಮನೆ ಹಿಂದಿನ ಬರೆ (ಗುಡ್ಡದ ಇಳಿಜಾರು) ಜರಿದು ಕೊಟ್ಟಿಗೆನೂ ಅರ್ಧ ತೋಟನೂ ಹೋಯ್ತು, ಜೀವಕ್ಕೆ ಏನೂ ಆಗ್ಲಿಲ್ಲ. ಆವತ್ತಿಂದ ಮಳೆಗಾಲ ಬಂತು ಅಂದ್ರೆ ನನ್ನ ಗಂಡನಿಗೆ ನಿದ್ದೆ ಇಲ್ಲ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡ್ಕೊಂಡು ಬರೆ ನೋಡೋಕೆ ಹೋಗ್ತಾರೆ, ಒಂದೆರಡು ಸಲ ಮಕ್ಕಳನ್ನ ಎಬ್ಬಿಸಿ ಜೀಪಲ್ಲಿ ಕೂರಿಸಿದ್ದೂ ಇದೆ. ಆರ್‌ಟಿಸಿ, ಆಧಾರ್, ಪಾಸ್‌ಬುಕ್ ಎಲ್ಲ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಬಾಗಿಲ ಹತ್ರನೇ ಇಟ್ಟಿರ್ತಾರೆ. ಈಗೀಗ ಕುಡಿಯೋದೂ ಜಾಸ್ತಿ ಆಗಿದೆ, ಅವ್ರು ಮಲಗೋ ತನಕ ನಾನೂ ಮಲಗಲ್ಲ. ಕೌನ್ಸೆಲಿಂಗ್‌ಗೆ ಹೋಗೋಣ ಅಂದ್ರೆ ‘ನಂಗೇನು ಹುಚ್ಚಾ, ಮಾತಾಡಿ ಬಂದ್ರೆ ಬರೆ ನಿಲ್ಲುತ್ತಾ’ ಅಂತ ರೇಗ್ತಾರೆ. ಏನು ಹೇಳ್ಲಿ? (ಹೆಸರು ಹಾಕ್ಬೇಡಿ)

ಉತ್ತರ: ನಿಲ್ಲಲ್ಲ ಅಕ್ಕ. ಅವ್ರು ಕೇಳಿರೋದು ಸರಿಯಾಗೇ ಇದೆ, ಹಾಗೇ ಒಪ್ಕೊಂಡು ಬಿಡಿ. ನಮ್ಮ ಜಿಲ್ಲೆಯಲ್ಲಿ ಮಳೆಗೆ ಹೆದರೋದು ಕಾಯಿಲೆ ಅಂತ ಯಾರಾದ್ರೂ ಹೇಳಿದ್ರೆ ಅವ್ರು 2018ರಲ್ಲಿ ಇಲ್ಲಿ ಇರ್ಲಿಲ್ಲ ಅಂತ ಅರ್ಥ. ಮರು ವರ್ಷ ತೋರ ಊರಲ್ಲಿ, ಅದರ ಮುಂದಿನ ವರ್ಷ ತಲಕಾವೇರಿ ಬೆಟ್ಟದಲ್ಲಿ ಗುಡ್ಡ ಕುಸಿದಿದ್ದು, ಇದನ್ನೆಲ್ಲ ನೋಡಿದ ಮನುಷ್ಯನಿಗೆ ‘ಹೆದರ್ಬೇಡಿ, ಏನೂ ಆಗಲ್ಲ’ ಅಂತ ಹೇಳೋ ಧೈರ್ಯ ನಂಗಂತೂ ಇಲ್ಲ, ಹಾಗೆ ಹೇಳೋದು ಕೌನ್ಸೆಲಿಂಗೂ ಅಲ್ಲ.

ಹಾಗಾದ್ರೆ ಏನು ಮಾಡ್ತೀವಿ? ಹಿಂದೆ ಒಬ್ರು ತೋಟದವ್ರ ಜೊತೆ ಮಾಡಿದ್ದನ್ನ ಗುರುತು ಸಿಗದ ಹಾಗೆ ಬದಲಾಯಿಸಿ ಹೇಳ್ತೀನಿ. ನಮ್ಮಲ್ಲಿ ತೋಟ ಇರೋ ಮನೇಲಿ ಮಳೆ ಲೆಕ್ಕದ ಪುಸ್ತಕ ಇರುತ್ತಲ್ಲ, ಬೆಳಿಗ್ಗೆ ಎದ್ದು ಮಳೆ ಅಳತೆ ನೋಡಿ ಇಷ್ಟು ಇಂಚು ಇಷ್ಟು ಸೆಂಟು (ನೂರು ಸೆಂಟು ಅಂದ್ರೆ ಒಂದು ಇಂಚು) ಅಂತ ಬರೆಯೋದು, ಅವ್ರು ಮೊದಲ ಎರಡು ಸಲ ಬಂದಾಗ ಮಳೆ ಬಿಟ್ಟು ಬೇರೆ ಏನೂ ಮಾತಾಡ್ಲಿಲ್ಲ, ನಾನೂ ಬೇರೆ ಕೇಳ್ಲಿಲ್ಲ. ಮೂರನೇ ಸಲ ಆ ಪುಸ್ತಕನೇ ತನ್ನಿ ಅಂದೆ. ಇಂಚು ಸೆಂಟು ಪಕ್ಕ ಇನ್ನೊಂದು ಗೆರೆ ಎಳೆದು, ನಿನ್ನೆ ರಾತ್ರಿ ಹೆದರಿಕೆ ಹತ್ತರಲ್ಲಿ ಎಷ್ಟಿತ್ತು ಅಂತ ಒಂದು ನಂಬರ್ ಹಾಕ್ತಾ ಹೋಗಿ ಅಂದೆ, ಅಷ್ಟೇ. ಮೂರು ವಾರ ಆದ್ಮೇಲೆ ಅವ್ರೇ ಪುಸ್ತಕ ತಿರುಗಿಸಿ ನನ್ನ ಕಡೆ ತಳ್ಳಿದ್ರು. ನಾಲ್ಕು ಇಂಚು ಬಂದ ರಾತ್ರಿ ಹೆದರಿಕೆ ಐದು. ಬರೀ ನಲವತ್ತು ಸೆಂಟು ಬಂದ ರಾತ್ರಿ ಒಂಬತ್ತು. ಆವತ್ತು ಏನಾಗಿತ್ತು ಅಂದೆ. ಸುಮಾರು ಹೊತ್ತು ಸುಮ್ನೆ ಕೂತಿದ್ದು ಆಮೇಲೆ, ಕರೆಂಟು ಹೋಗಿತ್ತು, ಅವತ್ತಿನ ಹಾಗೇ ಮಣ್ಣು ವಾಸನೆ ಬಂತು ಅಂದ್ರು. ಅವ್ರು ಹೆದರ್ತಾ ಇದ್ದಿದ್ದು ಆ ರಾತ್ರಿಯ ಮಳೆಗೆ ಅಲ್ಲ, 2018ರ ಮಳೆಗೆ, ಅದು ಇನ್ನೂ ನಿಂತೇ ಇಲ್ಲ.

ದೊಡ್ಡ ಆಘಾತ ಆದಾಗ ಹೀಗಾಗುತ್ತೆ. ಆವತ್ತಿನ ಶಬ್ದ, ವಾಸನೆ, ಕತ್ತಲೆ ಇವೆಲ್ಲ ‘ಮುಗಿದು ಹೋಯ್ತು’ ಅನ್ನೋ ಮುದ್ರೆ ಇಲ್ಲದೆ ಮನಸ್ಸಲ್ಲಿ ಹಾಗೇ ಉಳಿದುಬಿಡುತ್ತೆ, ಅದರಲ್ಲಿ ಒಂದು ಸಿಕ್ಕಿದ್ರೆ ಸಾಕು ದೇಹ ಎದ್ದು ಓಡೋಕೆ ರೆಡಿ. ಬೆಚ್ಚಿ ಬೀಳೋದು, ಕೆಟ್ಟ ಕನಸು, ಆ ಜಾಗದ ಕಡೆ ಹೋಗದೇ ಇರೋದು, ಸಣ್ಣದಕ್ಕೂ ರೇಗೋದು, ಇವು ಒಂದು ತಿಂಗಳು ದಾಟಿ ಮುಂದುವರಿದು ದಿನದ ಬದುಕಿಗೆ ಅಡ್ಡ ಬರ್ತಾ ಇದ್ರೆ ಪಿಟಿಎಸ್‌ಡಿ, ಅಂದ್ರೆ ಆಘಾತದ ನಂತರ ಉಳಿಯೋ ಮಾನಸಿಕ ತೊಂದರೆ, ಇರಬಹುದಾ ಅಂತ ನೋಡ್ತೀವಿ. ನಿಮ್ಮವ್ರಿಗೆ ಅದೇ ಅಂತ ಪತ್ರ ಓದಿ ನಾನು ಹೇಳಲ್ಲ, ಎದುರು ಕೂತು ಮಾತಾಡದೆ ಹಣೆಪಟ್ಟಿ ಅಂಟಿಸೋದು ತಪ್ಪು. ಇದ್ದರೂ ಅದಕ್ಕೆ ದಾರಿ ಇದೆ, ಆ ರಾತ್ರಿನ ಸುರಕ್ಷಿತ ಜಾಗದಲ್ಲಿ ಕೂತು ಸ್ವಲ್ಪ ಸ್ವಲ್ಪವಾಗಿ, ಅವ್ರಿಗೆ ತಡೆಯೋಕೆ ಆಗೋಷ್ಟೇ, ಮೊದಲಿಂದ ಕೊನೆವರೆಗೆ ಹೇಳೋ ಹಾಗೆ ಮಾಡೋದು. ಸಾಮಾನ್ಯವಾಗಿ ವಾರಕ್ಕೊಂದು ಸಲ, ಮುಕ್ಕಾಲು ಗಂಟೆ ಒಂದು ಗಂಟೆ, ಎಂಟು ಹನ್ನೆರಡು ಸಲ ಅಂತ ಲೆಕ್ಕ, ಕೆಲವ್ರಿಗೆ ಜಾಸ್ತಿ ಬೇಕಾಗುತ್ತೆ. ಮೊದಲ ದಿನವೇ ಎಲ್ಲ ಹೇಳಿ ಅಂತ ಒತ್ತಾಯ ಮಾಡೋ ಕೌನ್ಸೆಲರ್ ಸಿಕ್ಕಿದ್ರೆ ಎದ್ದು ಬನ್ನಿ.

ಬರೆ ನೋಡೋಕೆ ಹೋಗೋ ವಿಷಯ. ಅದನ್ನ ಪೂರ್ತಿ ನಿಲ್ಲಿಸಿ ಅಂತ ನಾನು ಯಾವತ್ತೂ ಹೇಳಲ್ಲ, ಬಿರುಕು ಬಿಟ್ಟಿದೆಯಾ ಅಂತ ನೋಡ್ಲೇಬೇಕಾದ ಊರು ನಮ್ಮದು. ಆದ್ರೆ ರಾತ್ರಿ ಆರು ಸಲ ನೋಡಿದ್ರೆ ಧೈರ್ಯ ಬರಲ್ಲ, ಏಳನೇ ಸಲ ನೋಡ್ಬೇಕು ಅನ್ಸುತ್ತೆ. ಅದಕ್ಕೆ ಹಗಲು ಹೊತ್ತಲ್ಲಿ, ಮಳೆ ಇಲ್ಲದಾಗ, ಇಬ್ರೂ ಕೂತು ಒಂದು ಕರಾರು ಮಾಡ್ಕೊಳ್ಳಿ. ರೆಡ್ ಅಲರ್ಟ್ ಇದ್ರೆ ಅಥವಾ ಹೊಸ ಬಿರುಕು ಕಂಡ್ರೆ, ಬರೆಯಿಂದ ಕೆಸರು ನೀರು ಬರೋಕೆ ಶುರುವಾದ್ರೆ, ಯೋಚನೆನೇ ಮಾಡದೆ ಕತ್ತಲಾಗೋ ಮೊದಲೇ ನೆಂಟ್ರ ಮನೆಗೆ. ಇದ್ಯಾವುದೂ ಇಲ್ಲದ ದಿನ ರಾತ್ರಿ ಒಂಬತ್ತಕ್ಕೆ ಒಂದು ಸಲ ಜೊತೆಗೇ ಹೋಗಿ ನೋಡಿ ಬರೋದು. ಆ ಪ್ಲಾಸ್ಟಿಕ್ ಕವರ್ ಮಾತ್ರ ಅಲ್ಲೇ ಇರ್ಲಿ, ನಮ್ಮನೇಲೂ ಒಂದು ಇದೆ.

ಕುಡಿತದ ಬಗ್ಗೆ ಹುಷಾರಾಗಿ ಕೇಳಿ. ನಿದ್ದೆಗೆ ಅಂತ ಎರಡು ಪೆಗ್ ಹಾಕೋದು ನಮ್ಮ ಕಡೆ ಯಾರೂ ತಪ್ಪು ಅಂತ ನೋಡಲ್ಲ, ಅದೇ ತೊಂದರೆ. ಬೇಗ ನಿದ್ದೆ ಹತ್ತುತ್ತೆ ನಿಜ, ನಡುರಾತ್ರಿ ಎಚ್ಚರನೂ ಅದೇ ಮಾಡುತ್ತೆ. ದಿನಾ ಜಾಸ್ತಿ ಕುಡಿಯೋರು ‘ಇವತ್ತಿಂದ ಬಂದ್’ ಅಂತ ಒಂದೇ ಏಟಿಗೆ ಬಿಟ್ರೆ ಕೈ ನಡುಕ, ಬೆವರು, ಕೆಲವ್ರಿಗೆ ಫಿಟ್ಸ್ ಕೂಡ ಬರಬಹುದು, ಹಾಗಾಗಿ ಬಾಟಲಿ ಬಚ್ಚಿಡೋಕೆ ಹೋಗ್ಬೇಡಿ, ಡಾಕ್ಟ್ರನ್ನ ಕೇಳಿ ಬಿಡಿಸ್ಬೇಕು. ಔಷಧಿ ಬರೆಯೋದು ನಮ್ಮಂಥ ಕೌನ್ಸೆಲರ್ ಕೆಲಸ ಅಲ್ಲ, ಅದು ಮನೋವೈದ್ಯರದ್ದು.

ಇನ್ನೊಂದು ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ‘ಸತ್ತೋದ್ರೆ ಸಾಕು’ ಅನ್ನೋ ಮಾತು ಯಾವತ್ತಾದ್ರೂ ಬಂದಿದೆಯಾ? ಗೊತ್ತಿಲ್ಲದಿದ್ರೆ ಅವ್ರನ್ನೇ ಕೇಳಿ, ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ. ಮನೇಲಿ ಕೋವಿ ಇದ್ರೆ, ತೋಟದ ವಿಷದ ಡಬ್ಬ ಇದ್ರೆ, ಸದ್ಯಕ್ಕೆ ಬೀಗದೊಳಗೆ, ಬೀಗದಕೈ ಅವ್ರ ಕೈಗೆ ಸಿಗದ ಕಡೆ. ಕೋವಿ ನಮಗೆ ಪೂಜೆ ಮಾಡೋ ವಸ್ತು, ಅದನ್ನ ಸರಿಸಿಡು ಅಂದ್ರೆ ಗಂಡಸ್ರಿಗೆ ಎಲ್ಲೋ ಚುಚ್ಚುತ್ತೆ, ಆದ್ರೂ ಹೇಳ್ಲೇಬೇಕು. ಅಂಥ ಮಾತು ಬಂದಿದ್ದೇ ಆದ್ರೆ ಒಬ್ರನ್ನೇ ಬಿಡ್ಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಕೊನೆಗೆ, ಅವ್ರು ಬರಲ್ಲ ಅನ್ನೋದಕ್ಕೆ. ಪತ್ರ ಪೂರ್ತಿ ಅವ್ರ ಬಗ್ಗೆ ಬರೆದಿದ್ದೀರಿ, ‘ನಾನೂ ಮಲಗಲ್ಲ’ ಅಂತ ಅರ್ಧ ಸಾಲಲ್ಲಿ ಮುಗಿಸಿದ್ದೀರಿ. 2018ರಲ್ಲಿ ಆ ಮನೇಲಿ ನೀವೂ ಇದ್ರಲ್ಲ? ಮೊದಲು ನೀವು ಬನ್ನಿ. ಅವ್ರನ್ನ ಒಪ್ಪಿಸೋ ಉಪಾಯ ಕಲಿಯೋಕೆ ಅಲ್ಲ, ನಿಮಗೋಸ್ಕರ. ಹೆಂಡ್ತಿ ನಾಲ್ಕು ಸಲ ಬಂದು ಹೋದ್ಮೇಲೆ ‘ಅಲ್ಲಿ ಏನು ಕೇಳ್ತಾರೆ’ ಅಂತ ತಾವೇ ವಿಚಾರಿಸಿ ಬಂದ ಗಂಡಂದ್ರನ್ನ ನಾನು ನೋಡಿದ್ದೀನಿ, ಬರದೇ ಇದ್ದವ್ರೂ ಇದ್ದಾರೆ. ಎರಡೂ ಸಲ ಹೆಂಡ್ತಿಗೆ ನಿದ್ದೆ ಬಂತು.

ಪ್ರಶ್ನೆ: ಕೌನ್ಸೆಲಿಂಗ್ ಅಂದ್ರೆ ಬುದ್ಧಿ ಹೇಳೋದು ತಾನೇ? ಅದನ್ನ ನಮ್ಮ ಅಜ್ಜಿ ಫ್ರೀಯಾಗಿ ಮಾಡ್ತಾರೆ. ದುಡ್ಡು ಯಾಕೆ ಕೊಡ್ಬೇಕು? (ಕುಶಾಲನಗರ)

ಉತ್ತರ: ಅಜ್ಜಿ ಹತ್ರ ಹೇಳಿದ್ದು ಸಂಜೆಗೆ ಅತ್ತೆಗೆ ಗೊತ್ತಾಗುತ್ತೆ, ನನ್ನ ಹತ್ರ ಹೇಳಿದ್ದು ಹೊರಗೆ ಹೋಗಲ್ಲ, ನಿಮ್ಮ ಅಥವಾ ಬೇರೆಯವ್ರ ಜೀವಕ್ಕೆ ಅಪಾಯ ಇದ್ದಾಗ ಬಿಟ್ಟು. ಚಿಕಿತ್ಸೆಯ ವಿವರ ಗುಟ್ಟಾಗಿ ಇಡ್ಬೇಕು ಅನ್ನೋದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಬುದ್ಧಿ ಹೇಳೋ ಕೌನ್ಸೆಲರ್‌ಗಳೂ ಇದ್ದಾರೆ ಬಿಡಿ, ಬೋರ್ಡ್ ಹಾಕ್ಕೊಂಡವ್ರೆಲ್ಲ ಓದಿರ್ತಾರೆ ಅಂತಲ್ಲ, ಏನು ಓದಿದ್ದೀರಿ ಅಂತ ಮುಖಕ್ಕೇ ಕೇಳಿ, ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಕೇಳಿ. ದುಡ್ಡಿಲ್ಲದಿದ್ರೆ ಮಡಿಕೇರಿ ಸರ್ಕಾರಿ ಆಸ್ಪತ್ರೆಯ ಮಾನಸಿಕ ರೋಗ ವಿಭಾಗ ಇದೆ, ಇಲ್ಲ 14416ಕ್ಕೆ ಫೋನ್ ಮಾಡಿ, 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದಿನದ 24 ಗಂಟೆನೂ ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಅಜ್ಜಿನೂ ಬಿಡ್ಬೇಡಿ.

ಪ್ರಶ್ನೆ: ಫೋನಲ್ಲೇ ಕೌನ್ಸೆಲಿಂಗ್ ತಗೋಬಹುದಾ? ಮನೇಲಿ ನೆಟ್‌ವರ್ಕ್ ಸಿಗಲ್ಲ, ಸಿಗೋ ಕಡೆ ಎಲ್ಲರೂ ಕೇಳಿಸ್ಕೋತಾರೆ. (ವಿರಾಜಪೇಟೆ ತಾಲೂಕು, ವಿದ್ಯಾರ್ಥಿನಿ)

ಉತ್ತರ: ತಗೋಬಹುದಮ್ಮ, ಆತಂಕ, ಬೇಸರ, ಪರೀಕ್ಷೆ ಟೆನ್ಷನ್ ಇಂಥದ್ದಕ್ಕೆ ಫೋನಲ್ಲೂ ಚೆನ್ನಾಗೇ ಆಗುತ್ತೆ. ಟವರ್ ಸಿಗೋ ತಿರುವಲ್ಲಿ ಕಾರು ನಿಲ್ಲಿಸಿ, ಗ್ಲಾಸ್ ಏರಿಸಿ ಮಾತಾಡೋರು ನಂಗೆ ಮೂರ್ನಾಲ್ಕು ಜನ ಇದ್ದಾರೆ. ಕಾರಿಲ್ಲದಿದ್ರೆ ಕಾಲೇಜಲ್ಲಿ ಊಟದ ಬಿಡುವಲ್ಲಿ ಒಂದು ಖಾಲಿ ಕ್ಲಾಸ್ ರೂಮ್ ನೋಡ್ಕೊಳ್ಳಿ. ಕಾಲ್ ಕಟ್ ಆದ್ರೆ ಯಾರು ವಾಪಸ್ ಮಾಡ್ಬೇಕು ಅಂತ ಮೊದಲೇ ಮಾತಾಡ್ಕೊಂಡಿರಿ, ಮಳೆಗಾಲದಲ್ಲಂತೂ ಅಳೋ ಮಧ್ಯದಲ್ಲೇ ಕಟ್ ಆಗುತ್ತೆ.