ಮಾವನವರಿಗೆ ನೀರು ಕೊಡಲಿಲ್ಲವೆಂಬ ಕೊರಗು

ಪ್ರಶ್ನೆ: ನನ್ನ ಮಾವನವರಿಗೆ 68 ವರ್ಷ. ಹಳೆಯ ಸಕ್ಕರೆ ಕಾಯಿಲೆಯಿಂದ ಎರಡೂ ಮೂತ್ರಪಿಂಡಗಳು ಕೆಟ್ಟು, ಮೂರು ವರ್ಷಗಳಿಂದ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ನಡೆಯುತ್ತಿದೆ. ಪತಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತಾರೆ. ದಿನಕ್ಕೆ 750 ಮಿಲಿಲೀಟರಿಗಿಂತ ಹೆಚ್ಚು ನೀರು ಕುಡಿಯಬಾರದೆಂದು ವೈದ್ಯರು ಹೇಳಿದ್ದಾರೆ. ಕಳೆದ ವಾರ ರಾತ್ರಿ ಎರಡು ಗಂಟೆಗೆ ಅವರು ಬಚ್ಚಲಿನ ನಲ್ಲಿಗೆ ಬಾಯಿಟ್ಟು ನೀರು ಕುಡಿಯುತ್ತಿದ್ದುದನ್ನು ಕಂಡು, ಕೈಹಿಡಿದು ಎಳೆದು, ಕೂಗಾಡಿಬಿಟ್ಟೆ. ಅವರು ಮಗುವಿನಂತೆ ಅತ್ತರು. ಮರುದಿನ ನಾದಿನಿ ಫೋನ್ ಮಾಡಿ, “ಅಪ್ಪನಿಗೆ ಕುಡಿಯೋಕೆ ನೀರೂ ಕೊಡಲ್ವಂತೆ” ಎಂದಳು. ಆಮೇಲೆ ನನಗೆ ನಿದ್ದೆಯೇ ಬರುತ್ತಿಲ್ಲ. ಇದೆಲ್ಲ ಬೇಗ ಮುಗಿಯಬಾರದೇ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಹಾಗೆ ಅನ್ನಿಸಿದ್ದಕ್ಕೆ ನನಗೇ ಭಯವಾಗುತ್ತದೆ. ನಾನು ಇಷ್ಟು ಕೆಟ್ಟವಳೇ?
— ಹೆಸರು ಬೇಡ, ಸಾಗರ ತಾಲ್ಲೂಕು

ಉತ್ತರ: ಮೊದಲು ಒಂದು ತುರ್ತಿನ ಮಾತು. ನೀವು ಹಿಡಿದೆಳೆದದ್ದು ಡಯಾಲಿಸಿಸ್ ಸೂಜಿ ಚುಚ್ಚುವ ಫಿಸ್ಟುಲಾ ಇರುವ ಕೈಯೇ ಎಂಬುದನ್ನು ನೆನಪಿಸಿಕೊಳ್ಳಿ. ಆ ಜಾಗದ ಮೇಲೆ ಬೆರಳಿಟ್ಟಾಗ ಝುಂ ಎನ್ನುವ ಕಂಪನ ತಿಳಿಯಬೇಕು. ಕಂಪನ ನಿಂತಿದ್ದರೆ ಅಥವಾ ಆ ಕೈ ಊದಿದ್ದರೆ ಮುಂದಿನ ಸರದಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ. ಹೀಗೆ ಮುಟ್ಟಿ ನೋಡುವುದು ಎಂದಿನ ಅಭ್ಯಾಸವಾಗಲಿ. ಆ ಕೈಯಲ್ಲಿ ರಕ್ತದೊತ್ತಡ ನೋಡಲು ಯಾರಿಗೂ ಬಿಡಬೇಡಿ.

ಇನ್ನು ನಿಮ್ಮ ಕೊರಗಿನ ವಿಷಯ. ಅಪರಿಚಿತರು ಜಗಲಿ ಹತ್ತಿದರೂ ಬೆಲ್ಲ, ನೀರು ಕೊಟ್ಟು ಮಾತನಾಡಿಸುವ ಸೀಮೆ ನಿಮ್ಮದು. ಅಂಥ ಮನೆಯಲ್ಲಿ, ಬಾಯಾರಿದೆ ಎಂದ ಹಿರಿಯರಿಗೆ ನೀರು ಬೇಡವೆನ್ನುವ ಕೆಲಸ ಸೊಸೆಯ ಪಾಲಿಗೆ ಬಂದಿದೆ. ಇದಕ್ಕಿಂತ ಕಠಿಣವಾದ ಆರೈಕೆಯನ್ನು ನಾನು ಕಂಡದ್ದು ಕಡಿಮೆ. ಮೂತ್ರವೇ ಸರಿಯಾಗಿ ಆಗದ ದೇಹದಲ್ಲಿ ಕುಡಿದ ಒಂದು ಲೀಟರ್ ನೀರು ಒಂದು ಕಿಲೋ ತೂಕವಾಗಿ ಉಳಿದು, ಕಾಲಿನಲ್ಲಿ ಬಾವು ಬರುತ್ತದೆ. ಇನ್ನೂ ಹೆಚ್ಚಾದರೆ ಶ್ವಾಸಕೋಶಕ್ಕೆ ಇಳಿದು, ಮಲಗಿದರೆ ಉಸಿರು ಕಟ್ಟುತ್ತದೆ. ಅಷ್ಟನ್ನೂ ನಾಲ್ಕು ಗಂಟೆಗಳ ಡಯಾಲಿಸಿಸ್‌ನಲ್ಲಿ ಒಮ್ಮೆಗೇ ತೆಗೆಯಹೋದರೆ ರಕ್ತದೊತ್ತಡ ಕುಸಿದು, ಕಾಲಿನ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ನೀವು ತಡೆದದ್ದು ಇದನ್ನು. ಕೂಗಾಡಿದ್ದು ತಪ್ಪೇ; ಆದರೆ ಮೂರು ವರ್ಷ ಸರಿಯಾಗಿ ನಿದ್ದೆಯಿಲ್ಲದ ಮನುಷ್ಯರು ಯಾರೇ ಆದರೂ ರಾತ್ರಿ ಎರಡು ಗಂಟೆಗೆ ಮಾಡಬಹುದಾದ ತಪ್ಪು.

ಮಾವನವರ ಬಾಯಾರಿಕೆಯೂ ಹಟವಲ್ಲ, ಅದಕ್ಕೆ ಕಾರಣಗಳಿವೆ. ಮೊದಲನೆಯದು ಉಪ್ಪು. ಊಟಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ಹಪ್ಪಳವನ್ನೂ ಬಡಿಸಿ ನೀರನ್ನು ಮಾತ್ರ ಅಳೆದು ಕೊಟ್ಟರೆ, ಯಾವ ರೋಗಿಯೂ ತಡೆದುಕೊಳ್ಳಲಾರ. ಉಪ್ಪು ಕಡಿಮೆಯಾದ ಒಂದೆರಡು ವಾರಗಳಲ್ಲೇ ದಾಹ ಇಳಿಯುವುದನ್ನು ಅನೇಕ ಮನೆಗಳಲ್ಲಿ ನೋಡಿದ್ದೇನೆ. ಆದರೆ ಅಂಗಡಿಯಲ್ಲಿ ಸಿಗುವ ‘ಕಡಿಮೆ ಸೋಡಿಯಂ’ ಉಪ್ಪನ್ನು ತರಬೇಡಿ. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಇರುತ್ತದೆ, ಅದು ಇವರಿಗೆ ಇನ್ನೂ ಅಪಾಯ. ರಕ್ತದಲ್ಲಿ ಸಕ್ಕರೆ ಏರಿದಾಗಲೂ ಬಾಯಿ ಒಣಗುವುದರಿಂದ ಅದನ್ನೊಮ್ಮೆ ಪರೀಕ್ಷಿಸಿ.

ಅಳತೆಗೆ ಒಂದು ಸರಳ ಉಪಾಯವಿದೆ. ಬೆಳಿಗ್ಗೆ ಒಂದು ಬಾಟಲಿಗೆ ಸರಿಯಾಗಿ 750 ಮಿಲಿಲೀಟರ್ ನೀರು ತುಂಬಿ ಮಾವನವರ ಎದುರಿಗೇ ಇಡಿ. ಕಾಫಿ, ಮಜ್ಜಿಗೆ, ತಂಬುಳಿ, ಗಂಜಿ, ಮಾತ್ರೆ ನುಂಗುವ ಗುಟುಕು, ಹೀಗೆ ದ್ರವವಾಗಿ ಏನೇ ಹೊಟ್ಟೆಗೆ ಹೋದರೂ ಅಷ್ಟೇ ನೀರನ್ನು ಬಾಟಲಿಯಿಂದ ತೆಗೆಯಬೇಕು. ದೊಡ್ಡ ಲೋಟವನ್ನು ಎತ್ತಿಟ್ಟು ಪುಟ್ಟ ಲೋಟ ಕೊಡಿ. ನಡುನಡುವೆ ತಣ್ಣೀರಿನಿಂದ ಬಾಯಿ ಮುಕ್ಕಳಿಸಿ ಉಗಿಯಲಿ. ಹೀಗೆ ಮಾಡಿದಾಗ ಬೇಡವೆನ್ನುವುದು ಬಾಟಲಿಯಾಗುತ್ತದೆ, ಕಾವಲುಗಾರಿಕೆಯಿಂದ ನಿಮಗೆ ಬಿಡುಗಡೆ ಸಿಗುತ್ತದೆ.

ನಾದಿನಿಯ ಮಾತು ನಿಮ್ಮನ್ನು ಚುಚ್ಚಿದ್ದು ಸಹಜ. ಆಕೆಗೆ ಫೋನಿನಲ್ಲಿ ವಿವರಿಸುತ್ತ ಕೂರಬೇಡಿ. ಒಂದು ದಿನ ಅಪ್ಪನನ್ನು ಡಯಾಲಿಸಿಸ್‌ಗೆ ಆಕೆಯೇ ಕರೆದೊಯ್ದು, ವೈದ್ಯರನ್ನು ಕಂಡು, ಮೊದಲ ತೂಕ ಮತ್ತು ಕೊನೆಯ ತೂಕವನ್ನು ತಾನೇ ಬರೆದುಕೊಂಡು ಬರಲಿ. ಅಪ್ಪನ ಮೇಲಿನ ಪ್ರೀತಿಯಿಂದಲೇ ನಾಳೆ ಆಕೆ ಎಳನೀರು ತಂದು ಕುಡಿಸಬಹುದು. ಅದರ ಪೊಟ್ಯಾಸಿಯಂನಿಂದ ಇಂಥ ರೋಗಿಗಳ ಹೃದಯವೇ ನಿಂತುಹೋಗಬಹುದು. ಹಿತ್ತಲಿನ ಕಮರಾಕ್ಷಿ, ಅಂದರೆ ಧಾರೆಹುಳಿ, ಇನ್ನೊಂದು ಬಗೆಯ ವಿಷ. ಅದು ಮಿದುಳಿಗೆ ತಾಗಿ ನಿಲ್ಲದ ಬಿಕ್ಕಳಿಕೆ, ಗೊಂದಲ, ಸೆಳವು ಬರುತ್ತವೆ. ಈ ಎರಡು ವಿಷಯಗಳು ಮನೆಗೆ ಬಂದುಹೋಗುವ ಎಲ್ಲರಿಗೂ ತಿಳಿದಿರಲಿ.

ನಿಮ್ಮ ಪತಿಯ ವಿಷಯದಲ್ಲಿ ನಾನು ಸ್ವಲ್ಪ ಖಂಡಿತವಾಗಿಯೇ ಹೇಳುತ್ತೇನೆ. ಹದಿನೈದು ದಿನಕ್ಕೊಮ್ಮೆ ಬಂದು ಅಪ್ಪನ ಪಕ್ಕ ಕುಳಿತುಹೋದರೆ ಸಾಲದು. ಬಂದ ಎರಡು ರಾತ್ರಿ ಅವರ ಕೋಣೆಯಲ್ಲಿ ಮಗನೇ ಮಲಗಲಿ, ನೀವು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಿದ್ದೆ ಮಾಡಿ. ವರ್ಷಕ್ಕೊಮ್ಮೆಯಾದರೂ ಹತ್ತು ದಿನ ಮಾವನವರು ಬೆಂಗಳೂರಿನಲ್ಲಿರಲಿ. ಈಗಿನ ಆಸ್ಪತ್ರೆಯ ಡಯಾಲಿಸಿಸ್ ವಿವರ, ಹೆಪಟೈಟಿಸ್ ಮತ್ತು ಎಚ್‌ಐವಿ ಪರೀಕ್ಷೆಯ ವರದಿಗಳನ್ನು ಮೊದಲೇ ಕಳುಹಿಸಿ ಮಾತನಾಡಿಕೊಂಡರೆ ಅಲ್ಲಿನ ಡಯಾಲಿಸಿಸ್ ಕೇಂದ್ರದಲ್ಲಿ ಆ ಹತ್ತು ದಿನಗಳಿಗೆ ವ್ಯವಸ್ಥೆಯಾಗುತ್ತದೆ.

ಬೇಗ ಮುಗಿಯಬಾರದೇ ಎಂಬ ಯೋಚನೆಯನ್ನು ನೀವು ಬರೆದು ತಿಳಿಸಿದ್ದು ಒಳ್ಳೆಯದಾಯಿತು. ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನಲ್ಲಿ ಎಷ್ಟೋ ಹೆಂಡತಿಯರು, ಮಕ್ಕಳು ತಲೆ ತಗ್ಗಿಸಿ ಇದೇ ಮಾತನ್ನು ನನ್ನೊಡನೆ ಆಡಿದ್ದಾರೆ; ಮರುಕ್ಷಣದಲ್ಲಿ ಒಳಗಿನಿಂದ ಕರೆ ಬಂದಾಗ ಓಡಿಹೋದವರೂ ಅವರೇ. ಕೊನೆಯೇ ಕಾಣದ ದಣಿವು ಹಾಗೆ ಮಾತನಾಡಿಸುತ್ತದೆ. ಆದರೆ ನಿದ್ದೆ ಬಾರದಿರುವುದು, ಅಳು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಎರಡು ವಾರ ದಾಟಿದರೆ, ಅಥವಾ ನೀವೇ ಬದುಕಿರಬಾರದೆಂದು ಅನ್ನಿಸಿದರೆ ಒಂದು ದಿನವೂ ಕಾಯದೆ, 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ; ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ಮಾವನವರ ಅಳುವಿನ ಹಿಂದೆಯೂ ಖಿನ್ನತೆ ಇದ್ದೀತು, ವೈದ್ಯರಿಗೆ ತಿಳಿಸಿ.

ಆ ರಾತ್ರಿಯ ಮಾತು ನಿಮ್ಮಿಬ್ಬರ ನಡುವೆ ಹಾಗೆಯೇ ಉಳಿಯಬಾರದು. ಡಯಾಲಿಸಿಸ್ ಆದ ಸಂಜೆ ಅವರಿಗೆ ಸುಸ್ತಿರುತ್ತದೆ, ಮರುದಿನ ಬೆಳಿಗ್ಗೆ ಬಾಟಲಿಯನ್ನು ತುಂಬಿಟ್ಟು ಹತ್ತಿರ ಕುಳಿತು, “ಮಾವ, ಅವತ್ತು ಕೂಗಾಡಿದ್ದು ತಪ್ಪಾಯ್ತು. ಈ ನೀರನ್ನ ಯಾವ ಹೊತ್ತಿಗೆ ಎಷ್ಟು ಕುಡಿಯೋದು ಅಂತ ನೀವೇ ಹೇಳಿ” ಎಂದು ಕೇಳಿ. ಅದರಲ್ಲಿ ನೂರು ಮಿಲಿಲೀಟರನ್ನು ರಾತ್ರಿ ಎರಡು ಗಂಟೆಗೆಂದು ತೆಗೆದಿರಿಸಿ, ಅವರ ಮಂಚದ ಪಕ್ಕದಲ್ಲೇ ಇಟ್ಟು ಮಲಗಿ.