ರಾಕ್ ಬ್ಯಾಂಡುಗಳ ಪ್ರಭಾವ: ಹುಬ್ಬಳ್ಳಿಯ ಲೇಖಕರೊಬ್ಬರಿಗೆ ಉತ್ತರ

ಪ್ರಿಯ ಲೇಖಕರಿಗೆ, ನಮಸ್ಕಾರ.

ನಿರ್ವಾನಾ, ಆರ್.ಇ.ಎಂ., ಪಿಕ್ಸೀಸ್, ರೇಡಿಯೋಹೆಡ್ ಎಂಬ ನಾಲ್ಕು ಆಲ್ಟರ್ನೇಟಿವ್ ರಾಕ್ ಬ್ಯಾಂಡುಗಳಲ್ಲಿ ಯಾವುದರ ಪ್ರಭಾವ ಹೆಚ್ಚು ಕಾಲ ಉಳಿದಿದೆ ಎಂದು ಹೋಲಿಸಿ ನೀವು ಹುಬ್ಬಳ್ಳಿಯಿಂದ ಕಳಿಸಿದ ಲೇಖನವನ್ನು ಮನಸ್ಸಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಹಾಗೆಂದು ಎರಡು ಸಾಲಿನ ವಿಷಾದಪತ್ರ ಬರೆದು ಮುಗಿಸಲು ಮನಸ್ಸು ಒಪ್ಪಲಿಲ್ಲ. ಈ ಸಂಗೀತವನ್ನು ನೀವು ನಿಜವಾಗಿ ಕೇಳಿದ್ದೀರಿ ಎಂಬುದು ಲೇಖನದ ಒಂದು ಪುಟದಲ್ಲಾದರೂ ಸ್ಪಷ್ಟವಾಗಿ ಕಾಣುತ್ತದೆ, ಮತ್ತು ರಾಕ್ ಸಂಗೀತದ ಬಗ್ಗೆ ಕನ್ನಡದಲ್ಲಿ ಗಂಭೀರವಾಗಿ ಬರೆಯುವವರು ಬೆರಳೆಣಿಕೆಯಷ್ಟು ಮಂದಿ. ಆದ್ದರಿಂದ ಎಲ್ಲಿ ಎಡವಿದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ನಿಮ್ಮ ಲೇಖನ ನಿಂತಿರುವುದು ಒಂದು ಅಂಕಪಟ್ಟಿಯ ಮೇಲೆ. ಮಾರಾಟ, ಪ್ರಶಸ್ತಿ, ಜನಪ್ರಿಯತೆ, ಸಾಹಿತ್ಯ, ಹೊಸತನ ಎಂದು ಐದು ವಿಭಾಗ ಮಾಡಿ, ಒಂದೊಂದಕ್ಕೂ ಹತ್ತು ಅಂಕ ಇಟ್ಟು, ನಿರ್ವಾನಾಕ್ಕೆ ಮೊದಲ ಸ್ಥಾನವನ್ನೂ ಆರ್.ಇ.ಎಂ.ಗೆ ಕೊನೆಯ ಸ್ಥಾನವನ್ನೂ ಕೊಟ್ಟಿದ್ದೀರಿ. ಈ ಐದರಲ್ಲಿ ಪ್ರಭಾವವನ್ನು ಅಳೆಯುವ ವಿಭಾಗ ಒಂದೂ ಇಲ್ಲ. 1991ರ ಸೆಪ್ಟೆಂಬರಿನಲ್ಲಿ ಬಂದ ನಿರ್ವಾನಾದ ‘ನೆವರ್‌ಮೈಂಡ್’ ಆಲ್ಬಮ್ ಮರು ಜನವರಿಯಲ್ಲಿ ಮೈಕೆಲ್ ಜಾಕ್ಸನ್ನನ ‘ಡೇಂಜರಸ್’ ಅನ್ನು ಹಿಂದೆ ಹಾಕಿ ಬಿಲ್‌ಬೋರ್ಡ್ ಮಾರಾಟಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು ಎಂದು ಬರೆದಿದ್ದೀರಿ. ಅದು ನಿಜ. ಆದರೆ ಆ ಏರಿಕೆ ಮೊದಲು ಬದಲಿಸಿದ್ದು ದೊಡ್ಡ ರೆಕಾರ್ಡ್ ಕಂಪನಿಗಳ ಲೆಕ್ಕಾಚಾರವನ್ನು. ಆಮೇಲೆ ಗಿಟಾರ್ ಹಿಡಿದ ಹುಡುಗ ಹುಡುಗಿಯರು ಏನನ್ನು ಬೇರೆ ರೀತಿಯಲ್ಲಿ ನುಡಿಸತೊಡಗಿದರು ಎಂಬುದು ಇನ್ನೊಂದೇ ಪ್ರಶ್ನೆ, ಮತ್ತು ನೀವು ಎತ್ತಿಕೊಂಡ ವಿಷಯ ಇರುವುದೇ ಆ ಪ್ರಶ್ನೆಯಲ್ಲಿ.

ಧಾರವಾಡ ಸೀಮೆಯ ಓದುಗರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಮ್ ಖಾನರ ಎಷ್ಟು ಗ್ರಾಮಫೋನ್ ತಟ್ಟೆಗಳು ಖರ್ಚಾದವು ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಅವರ ತಟ್ಟೆಯನ್ನು ಕೇಳಿದ ಗದಗ ಕಡೆಯ ಹುಡುಗನೊಬ್ಬ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೊರಟ, ಕೊನೆಗೆ ಅವರದೇ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರ ಬಳಿ ಕಲಿತು ಭೀಮಸೇನ ಜೋಶಿಯಾದ ಎಂಬುದನ್ನು ಹೇಳುತ್ತಾರೆ. ಅಷ್ಟಕ್ಕೇ ನಿಲ್ಲದೆ, ಜೋಶಿಯವರ ಗಾಯನದಲ್ಲಿ ಖಾನರ ಕಿರಾಣಾ ಘರಾಣೆಯದು ಯಾವುದು, ಬೇರೆಡೆಯಿಂದ ತಂದು ಸೇರಿಸಿದ್ದು ಯಾವುದು ಎಂದು ವಾದಕ್ಕೆ ಕೂಡುತ್ತಾರೆ. ನಿಮ್ಮ ನಾಲ್ಕು ಬ್ಯಾಂಡುಗಳನ್ನೂ ಹಾಗೆ ಕೇಳಿ ಬರೆಯಬೇಕು.

ಹಾಗೆ ಕೇಳಿದರೆ ಮೊದಲು ಕಾಣುವುದು, ಇವು ಅಕ್ಕಪಕ್ಕದಲ್ಲಿ ಓಡುತ್ತಿರುವ ನಾಲ್ವರು ಸ್ಪರ್ಧಿಗಳಲ್ಲ, ಒಂದರಿಂದ ಇನ್ನೊಂದು ಪಡೆದುಕೊಂಡ ಬ್ಯಾಂಡುಗಳು ಎಂಬುದು. ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಹಾಡನ್ನು ಬರೆಯುವಾಗ ಪಿಕ್ಸೀಸ್ ಅನ್ನು ನಕಲು ಮಾಡಲು ಹೊರಟಿದ್ದೆ ಎಂದು ನಿರ್ವಾನಾದ ಗಾಯಕ ಕರ್ಟ್ ಕೊಬೇನ್ 1994ರ ಜನವರಿಯ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಸಂದರ್ಶನದಲ್ಲಿ ತಾನೇ ಒಪ್ಪಿಕೊಂಡಿದ್ದಾನೆ. ನಿಮ್ಮ ಲೇಖನದಲ್ಲಿ ಪಿಕ್ಸೀಸ್‌ಗೆ ಸಿಕ್ಕಿರುವುದು ಒಂದೇ ಪ್ಯಾರಾ, ಅದರಲ್ಲಿ ಈ ಮಾತೇ ಇಲ್ಲ. ದಯವಿಟ್ಟು ಎರಡು ಹಾಡುಗಳನ್ನು ಒಂದರ ಹಿಂದೆ ಒಂದು ಹಾಕಿ ಕೇಳಿ. ಪಿಕ್ಸೀಸ್‌ನ 1989ರ ‘ಡೂಲಿಟಲ್’ ಆಲ್ಬಮ್ಮಿನ ‘ಟೇಮ್’ ಎರಡು ನಿಮಿಷವೂ ಇಲ್ಲದ ಹಾಡು. ಚರಣದಲ್ಲಿ ಬೇಸ್ ಗಿಟಾರ್ ಕೆಲವೇ ಸ್ವರಗಳನ್ನು ತಿರುತಿರುಗಿ ನುಡಿಸುತ್ತದೆ, ಗಾಯಕ ಬ್ಲ್ಯಾಕ್ ಫ್ರಾನ್ಸಿಸ್ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಂತೆ ಹಾಡುತ್ತಾನೆ, ಪಲ್ಲವಿ ಬಂದ ತಕ್ಷಣ ಅದೇ ಸ್ವರಗಳ ಮೇಲೆ ಗಿಟಾರ್ ಅಬ್ಬರಿಸುತ್ತದೆ, ಅವನು ಗಂಟಲು ಹರಿಯುವಂತೆ ಕಿರುಚುತ್ತಾನೆ. ನಿರ್ವಾನಾದ ಹಾಡಿನಲ್ಲಿಯೂ ಚರಣ ಬಂದಾಗ ಅಬ್ಬರ ಇಳಿದು ಬೇಸ್ ಮತ್ತು ಡ್ರಮ್ಸ್ ಉಳಿಯುತ್ತವೆ, ಗಿಟಾರ್ ಬರೀ ಎರಡು ಸ್ವರಗಳನ್ನು ಬಿಡಿಬಿಡಿಯಾಗಿ ಮೀಟುತ್ತದೆ, ಪಲ್ಲವಿಯಲ್ಲಿ ಮತ್ತೆ ಎಲ್ಲವೂ ಒಮ್ಮೆಲೇ ಮೇಲೇಳುತ್ತದೆ. ಪಡೆದದ್ದು ಈ ಏರಿಳಿತ. ಕೊಬೇನ್ ತನ್ನದಾಗಿ ಸೇರಿಸಿದ್ದು, ಒಮ್ಮೆ ಕೇಳಿದವರು ಮರೆಯಲಾಗದ ರಾಗ. ಪಿಕ್ಸೀಸ್‌ನ ಹಾಡು ಕೇಳುಗನನ್ನು ಬೆಚ್ಚಿಬೀಳಿಸಿ ಮುಗಿದುಹೋಗುತ್ತದೆ, ನಿರ್ವಾನಾದ ಹಾಡು ಕೇಳುಗನನ್ನೂ ಹಾಡಲು ಕರೆಯುತ್ತದೆ. ಮುಂದಿನ ಸಾವಿರಾರು ಬ್ಯಾಂಡುಗಳು ಈ ಏರಿಳಿತವನ್ನು ಕಲಿತದ್ದು ನಿರ್ವಾನಾದಿಂದಲೇ ಆದರೂ ಅದರ ಮೂಲ ಬಾಸ್ಟನ್ನಿನ ಪಿಕ್ಸೀಸ್‌ನಲ್ಲಿದೆ ಎಂದು ನೀವು ಬರೆದಿದ್ದರೆ, ನನಗೆ ಅದೊಂದೇ ಪ್ಯಾರಾ ಸಾಕಾಗುತ್ತಿತ್ತು.

ಇದೇ ಎಳೆ ಇನ್ನೂ ಮುಂದೆ ಹೋಗುತ್ತದೆ. ಪಿಕ್ಸೀಸ್‌ನ 1988ರ ‘ಸರ್ಫರ್ ರೋಸಾ’ ಆಲ್ಬಮ್ಮನ್ನು ಧ್ವನಿಮುದ್ರಿಸಿದವನು ಸ್ಟೀವ್ ಆಲ್ಬಿನಿ. ಅದರಲ್ಲಿ ಡ್ರಮ್ಸಿನ ಪೆಟ್ಟಿನ ಜೊತೆಗೆ ಅದು ಮೊಳಗಿದ ಕೋಣೆಯೂ ಕೇಳಿಸುತ್ತದೆ. 1993ರಲ್ಲಿ ‘ಇನ್ ಯೂಟೆರೊ’ ಆಲ್ಬಮ್ಮಿಗೆ ನಿರ್ವಾನಾ ಹುಡುಕಿಕೊಂಡು ಹೋದದ್ದು ಅವನನ್ನೇ, ಗಾಯಕಿ ಪಿ.ಜೆ. ಹಾರ್ವಿ ‘ರಿಡ್ ಆಫ್ ಮಿ’ ಆಲ್ಬಮ್ಮನ್ನು ಮಾಡಿದ್ದೂ ಅವನ ಜೊತೆಗೇ. ಮೈಕನ್ನು ಎಲ್ಲಿ ಇಡಬೇಕು ಎಂಬ ತಿಳಿವಳಿಕೆಯೂ ಬ್ಯಾಂಡಿನಿಂದ ಬ್ಯಾಂಡಿಗೆ ಸಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇನ್ನು ನೀವು ಕೊನೆಗೆ ತಳ್ಳಿದ ಆರ್.ಇ.ಎಂ. ನನ್ನ ಅತಿ ದೊಡ್ಡ ತಕರಾರು ಇಲ್ಲಿದೆ. 1980ರಲ್ಲಿ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಕಾಲೇಜು ಊರಿನಲ್ಲಿ ಹುಟ್ಟಿದ ಈ ನಾಲ್ವರು ಸಣ್ಣ ಕಂಪನಿಗೆ ಹಾಡುತ್ತಾ, ಕಾಲೇಜು ರೇಡಿಯೋಗಳನ್ನು ನಂಬಿಕೊಂಡು, ಊರೂರು ತಿರುಗಿ ಕೇಳುಗರನ್ನು ಕಟ್ಟಿಕೊಂಡರು. ಯಾರೇ ಬರೆದಿರಲಿ, ಹಾಡಿನ ಹಕ್ಕಿಗೆ ನಾಲ್ವರ ಹೆಸರನ್ನೂ ಸಮನಾಗಿ ಹಾಕುತ್ತಿದ್ದರು. ಮೊದಲ ಪೂರ್ಣ ಆಲ್ಬಮ್ 1983ರಲ್ಲಿ ಬಂದಿತು, ದೊಡ್ಡ ಕಂಪನಿಯಾದ ವಾರ್ನರ್ ಜೊತೆ ಒಪ್ಪಂದವಾದದ್ದು 1988ರಲ್ಲಿ. ತಮ್ಮ ಸಂಗೀತವನ್ನು ಬಿಟ್ಟುಕೊಡದೆ ದೊಡ್ಡವರಾಗಬಹುದು ಎಂದು ಅವರು ಮಾಡಿ ತೋರಿಸಿದರು. ಯಶಸ್ಸನ್ನು ಅವರು ನಿಭಾಯಿಸಿದ ರೀತಿಯನ್ನು ಕೊಬೇನ್ ಅದೇ ಸಂದರ್ಶನದಲ್ಲಿ ಮನಸಾರೆ ಮೆಚ್ಚಿಕೊಂಡಿದ್ದಾನೆ. 1995ರಲ್ಲಿ ರೇಡಿಯೋಹೆಡ್ ಆರ್.ಇ.ಎಂ. ಕಛೇರಿಗಳಿಗೆ ಮುನ್ನ ಹಾಡುವ ಬ್ಯಾಂಡಾಗಿ ಜೊತೆಗೆ ತಿರುಗಿತು. ಜನಜಂಗುಳಿಯ ಒತ್ತಡದಿಂದ ಪಾರಾಗಲು ಆರ್.ಇ.ಎಂ. ಗಾಯಕ ಮೈಕೆಲ್ ಸ್ಟೈಪ್ ಹೇಳಿಕೊಟ್ಟ ಮಾತೇ ‘ಕಿಡ್ ಎ’ ಆಲ್ಬಮ್ಮಿನ ಹಾಡೊಂದರಲ್ಲಿ ರೇಡಿಯೋಹೆಡ್ ಗಾಯಕ ಟಾಮ್ ಯಾರ್ಕ್‌ನ ಪಲ್ಲವಿಯಾಯಿತು. ನಿಮ್ಮ ಪಟ್ಟಿಯಲ್ಲಿ ಮೇಲಿರುವ ಎರಡು ಬ್ಯಾಂಡುಗಳೂ ಹೇಗೆ ಬದುಕಬೇಕೆಂದು ನೋಡಿ ಕಲಿತದ್ದು ಕೊನೆಯಲ್ಲಿರುವ ಬ್ಯಾಂಡಿನಿಂದ. ಆ ಪಟ್ಟಿಯನ್ನು ಇನ್ನೂ ಹೇಗೆ ಉಳಿಸಿಕೊಳ್ಳುತ್ತೀರಿ?

ರೇಡಿಯೋಹೆಡ್ ಬಗ್ಗೆ ನೀವು ಬರೆದ ಪುಟವೇ ನಾನು ಮೊದಲು ಹೇಳಿದ ಒಳ್ಳೆಯ ಪುಟ. 2000ರಲ್ಲಿ ‘ಕಿಡ್ ಎ’ ಮೂಲಕ ಅವರು ತಮ್ಮ ಹಳೆಯ ಗಿಟಾರ್ ಹಾಡುಗಳ ದಾರಿಯನ್ನೇ ತೊರೆದರು, ಅದೇ ವರ್ಷ ಕೋಲ್ಡ್‌ಪ್ಲೇ ತನ್ನ ಮೊದಲ ಆಲ್ಬಮ್ಮಿನೊಂದಿಗೆ ಆ ದಾರಿಯನ್ನು ಹಿಡಿಯಿತು ಎಂಬ ನಿಮ್ಮ ಗಮನಿಕೆ ಚೆನ್ನಾಗಿದೆ. ಅದನ್ನು ಮುಟ್ಟಬೇಡಿ.

ಒಂದು ತಿದ್ದುಪಡಿ. ವೆಲ್ವೆಟ್ ಅಂಡರ್‌ಗ್ರೌಂಡ್‌ನ 1967ರ ಮೊದಲ ಆಲ್ಬಮ್ ಸಾವಿರ ಪ್ರತಿ ಮಾತ್ರ ಮಾರಾಟವಾಯಿತು, ಕೊಂಡವರೆಲ್ಲ ಬ್ಯಾಂಡ್ ಕಟ್ಟಿದರು ಎಂದು ಯಾರ ಹೆಸರನ್ನೂ ಹೇಳದೆ ಬರೆದಿದ್ದೀರಿ. ಆ ಮಾತು ಸಂಗೀತಗಾರ ಬ್ರಯನ್ ಈನೊ 1982ರ ಸಂದರ್ಶನವೊಂದರಲ್ಲಿ ಹೇಳಿದ್ದು, ಅವನು ಆ ಬ್ಯಾಂಡಿನ ಲೂ ರೀಡ್‌ನಿಂದ ಕೇಳಿ ಹೇಳಿದ ಸಂಖ್ಯೆ 30,000. ಬಾಯಿಂದ ಬಾಯಿಗೆ ಸಾಗುವಾಗ ಸಂಖ್ಯೆ ಕುಗ್ಗುತ್ತಾ ಬಂದಿದೆ. ಇಂಥ ಮಾತನ್ನು ಬಳಸುವಾಗ ಮೂಲಕ್ಕೆ ಹೋಗಿ ನೋಡಬೇಕು.

ಕೊಬೇನ್‌ನ ಸಾವಿನ ಬಗ್ಗೆ ಬರೆದ ಮೂರು ಪುಟಗಳನ್ನು ತೆಗೆದುಹಾಕಿ. 27ನೆಯ ವಯಸ್ಸಿಗೆ ಒಬ್ಬ ಮನುಷ್ಯ ಹೋದದ್ದು ದುಃಖದ ಸಂಗತಿ, ಅದನ್ನು ಅವನ ಪ್ರಭಾವಕ್ಕೆ ಸಾಕ್ಷಿಯಾಗಿ ಬಳಸುವುದು ಸರಿಯಲ್ಲ. ಆ ಜಾಗದಲ್ಲಿ 1993ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಚಿತ್ರೀಕರಣವಾದ ನಿರ್ವಾನಾದ ಎಂಟಿವಿ ಅನ್‌ಪ್ಲಗ್ಡ್ ಕಛೇರಿಯನ್ನು ತನ್ನಿ. ಅಂದು ಹಾಡಿದ 14 ಹಾಡುಗಳಲ್ಲಿ ಆರು ಬೇರೆಯವರವು. ಡೇವಿಡ್ ಬೋವಿಯದು ಒಂದು, ದಿ ವ್ಯಾಸಲೀನ್ಸ್‌ನದು ಒಂದು, ಮೀಟ್ ಪಪೆಟ್ಸ್‌ನವು ಮೂರು, ಕೊನೆಯದಾಗಿ 1949ರಲ್ಲೇ ತೀರಿಕೊಂಡ ಲೆಡ್ ಬೆಲಿ ಹಾಡುತ್ತಿದ್ದ ಹಳೆಯ ಜನಪದ ಹಾಡು. ಮೀಟ್ ಪಪೆಟ್ಸ್‌ನ ಅಣ್ಣತಮ್ಮಂದಿರನ್ನು ವೇದಿಕೆಗೇ ಕರೆದು ಕೂರಿಸಿಕೊಂಡರು. ಜಗತ್ತಿನಲ್ಲೇ ಅತಿ ಪ್ರಸಿದ್ಧವಾಗಿದ್ದ ಬ್ಯಾಂಡು ತಾನು ಯಾರಿಂದ ಬಂದೆ ಎಂದು ಹೆಸರು ಹಿಡಿದು ಹೇಳಿದ ಸಂಜೆ ಅದು, ಮತ್ತು ನಿಮ್ಮ ವಾದಕ್ಕೆ ಬೇಕಾದದ್ದೆಲ್ಲ ಅದರಲ್ಲಿದೆ.

ಕೊನೆಯ ಪ್ಯಾರಾದಲ್ಲಿ ‘ನಮ್ಮ ಹುಬ್ಬಳ್ಳಿ-ಧಾರವಾಡದ ಮೇಲೆ ಇವುಗಳ ಪ್ರಭಾವ ಶೂನ್ಯ’ ಎಂದು ಷರಾ ಬರೆದಿದ್ದೀರಿ. ವಿಚಾರಿಸಿ ನೋಡಿದಿರಾ? ಸ್ಟಾರ್ ಟಿವಿಯ ಮೂಲಕ ಎಂಟಿವಿ ಭಾರತಕ್ಕೆ ಬಂದದ್ದು 1991ರಲ್ಲಿ, ‘ನೆವರ್‌ಮೈಂಡ್’ ಬಂದ ವರ್ಷವೇ. ಆ ದಶಕದಲ್ಲಿ ವಿದ್ಯಾನಗರದ ಕಾಲೇಜುಗಳಲ್ಲಿ ಓದುತ್ತಾ ಗಿಟಾರ್ ಕಲಿತವರು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ. ಅಂಥ ನಾಲ್ಕು ಮಂದಿಯನ್ನು ಕಂಡು, ಮೊದಲು ಯಾವ ಹಾಡು ಕಲಿತಿರಿ, ಕ್ಯಾಸೆಟ್ ಎಲ್ಲಿ ಸಿಕ್ಕಿತು, ಆಮೇಲೆ ನೀವೇ ಹಾಡು ಕಟ್ಟಿದಾಗ ಅದರಲ್ಲಿ ಏನು ಉಳಿದಿತ್ತು ಎಂದು ಕೇಳಿ. ಉತ್ತರ ಶೂನ್ಯವೇ ಆಗಿದ್ದರೆ ಆಗ ಧೈರ್ಯವಾಗಿ ಬರೆಯಿರಿ. ಆಗದಿದ್ದರೆ ಬೇರೆ ಯಾರೂ ಬರೆದಿರದ ಸಂಗತಿ ನಿಮ್ಮ ಕೈಯಲ್ಲಿರುತ್ತದೆ.

ಭಾಷೆಯ ಬಗ್ಗೆ ಹೇಳುವುದು ಕಡಿಮೆ. ‘ಮೈನವಿರೇಳಿಸುವ’, ‘ಅಜರಾಮರ’, ‘ಸಂಚಲನ ಮೂಡಿಸಿದ’ ಎಂಬ ವಿಶೇಷಣಗಳು ಪುಟಪುಟಕ್ಕೂ ಬಂದಿವೆ, ಒಂದೊಂದನ್ನೂ ತೆಗೆದು ಆ ಜಾಗದಲ್ಲಿ ಕೇಳಿಸಿದ ಶಬ್ದ ಯಾವುದು ಎಂದು ಬರೆಯಿರಿ.

ಮುಂದಿನ ಕರಡಿನಲ್ಲಿ ಅಂಕಪಟ್ಟಿ ಇರಬಾರದು. ನಾಲ್ಕೂ ಬ್ಯಾಂಡುಗಳು ಬೇಕಾಗಿಯೂ ಇಲ್ಲ. ಪಿಕ್ಸೀಸ್ ಮತ್ತು ನಿರ್ವಾನಾ ಎರಡನ್ನೇ ಹಿಡಿದು, ಆರ್.ಇ.ಎಂ. ಅನ್ನು ಅಗತ್ಯವಿದ್ದಷ್ಟು ತಂದು, 2,000 ಪದಗಳ ಒಳಗೆ ಬರೆದು ಕಳಿಸಿ. ರೇಡಿಯೋಹೆಡ್‌ನ ಪುಟವನ್ನು ಪ್ರತ್ಯೇಕ ಕಿರುಲೇಖನವಾಗಿ ಬೆಳೆಸಿದರೆ ಅದನ್ನೂ ನೋಡುತ್ತೇನೆ.

ವಿಶ್ವಾಸದಿಂದ,
ಸಂಪಾದಕ, ಧಾರವಾಡ