ಹಳೆಯ ಮ್ಯಾನೇಜರ್ ಕೊಟ್ಟ ಮಾತು ಈಗ ನಿಮ್ಮ ಸಾಲ

ಹೆಸರು, ಊರು ಬೇರೆ ಬೇರೆ ಇದ್ದರೂ ಈ ಅಂಕಣಕ್ಕೆ ಪ್ರತಿ ಸಲ ಬರುವ ಪ್ರಶ್ನೆ ಒಂದೇ: 'ಹೊಸದಾಗಿ ಮ್ಯಾನೇಜರ್ ಆಗಿ ಬಂದೀನಿ, ಹಳೇ ಮಂದಿ ಮಾತು ಕೇಳವಲ್ರು, ಹೆಂಗ ಹಿಡಿತಕ್ಕ ತರಬೇಕು?' ಈ 'ಹಿಡಿತ' ಎಂಬ ಪದ ಕಂಡರೇ ಸಿಟ್ಟು ಬರುತ್ತದೆ. ಹತ್ತು-ಹದಿನೈದು ವರ್ಷ ಒಟ್ಟಿಗೆ ದುಡಿದ ಮಂದಿ ಮೂಗುದಾರ ಹಾಕಿಸಿಕೊಳ್ಳಲು ನಿಂತ ಎತ್ತುಗಳಲ್ಲ. ಚಾರ್ಜ್ ತಗೊಳ್ಳುವಾಗ ಸ್ಟಾಕ್ ಎಣಿಸಿ ಸಹಿ ಹಾಕಬೇಕು ಎಂಬಂಥ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ತಿಳಿಯದವರು ಈ ಕೆಲಸ ಒಪ್ಪಿಕೊಳ್ಳಲೇಬಾರದು.

ನನ್ನ ಕುರ್ಚಿ ಯಾವ ದಿಕ್ಕಿಗೆ ಇರಬೇಕು? ಒಬ್ಬರು ವಾಸ್ತು ನೋಡಲು ಐದು ಸಾವಿರ ಕೇಳಿದ್ದಾರೆ. (ಬೀದರ್)

ಬಾಗಿಲ ಕಡೆ. ಒಳಗೆ ಬಂದವರ ಮುಖ ಕಾಣುತ್ತದೆ. ಐದು ಸಾವಿರ ಉಳಿಸಿ.

ಬೆಂಗಳೂರಿನಿಂದ ಬಂದು ಕಲಬುರಗಿಯ ದಾಲ್ ಮಿಲ್ಲೊಂದಕ್ಕೆ ಮ್ಯಾನೇಜರ್ ಆಗಿ ಸೇರಿ 12 ದಿನವಾಯಿತು. 34 ಮಂದಿ ಇದ್ದಾರೆ. ಹಿಂದಿನ ಮ್ಯಾನೇಜರ್ ಜಗಳವಾಡಿ ಬಿಟ್ಟುಹೋದರು. ಮಶೀನ್ ನೋಡುವ ಮಿಸ್ತ್ರಿ 18 ವರ್ಷದಿಂದ ಇಲ್ಲೇ ಇದ್ದಾರೆ, ನಮ್ಮ ತಂದೆ ವಯಸ್ಸಿನವರು. ತೊಗರಿ ಒಣಗಿಸುವುದನ್ನು ಒಂದು ದಿನ ಕಡಿಮೆ ಮಾಡಿ ಎಂದರೆ ಕೇಳಲಿಲ್ಲ. ಹಮಾಲರ ಮುಕಾದಮ (ಮುಖ್ಯಸ್ಥ) ಎಲ್ಲದಕ್ಕೂ 'ಹಳೇ ಸಾಹೇಬ್ರು ಹಂಗ ಹೇಳಿದ್ರೀ' ಅನ್ನುತ್ತಾನೆ. ಮೊದಲ ತಿಂಗಳೇ ಒಬ್ಬನನ್ನು ತೆಗೆದರೆ ಉಳಿದವರು ತಾವೇ ಸರಿಹೋಗುತ್ತಾರೆ ಎಂದು ಯೂಟ್ಯೂಬ್ ತರಬೇತುದಾರರೊಬ್ಬರು ಹೇಳುತ್ತಾರೆ. ಮಾಡಬಹುದೆ? (ಕಲಬುರಗಿ)

ಮಾಡಬೇಡಿ. ಹೀಗೆ ಹೇಳಿಕೊಟ್ಟು ಫೀಸು ತಗೊಳ್ಳುವವರು ನಾಳೆ ನಿಮ್ಮ ಮಿಲ್ಲಿನಲ್ಲಿ ರೋಲರ್ ನಿಂತರೆ ಬರುವುದಿಲ್ಲ. ಒಬ್ಬನನ್ನು ತೆಗೆದರೆ ಉಳಿದ 33 ಮಂದಿ ಹೆದರುತ್ತಾರೆ, ನಿಜ. ಹೆದರಿದವರು ತಪ್ಪು ಮಾಡುವುದನ್ನು ಬಿಡುವುದಿಲ್ಲ, ತಪ್ಪನ್ನು ನಿಮಗೆ ಹೇಳುವುದನ್ನು ಬಿಡುತ್ತಾರೆ. ಬೇರಿಂಗ್ ಬಿಸಿಯಾಗಿದ್ದು ನಿಮಗೆ ತಿಳಿಯುವುದು ಅದು ಸುಟ್ಟ ಮೇಲೆ.

ಮೊದಲು ಮಿಸ್ತ್ರಿಯ ವಿಷಯ. ಒಂದು ದಿನ ಕಡಿಮೆ ಮಾಡಿ ಎಂದಿರಿ. ಏನನ್ನು ಕಡಿಮೆ ಮಾಡುತ್ತಿದ್ದೇನೆ ಎಂದು ನೋಡಿಕೊಂಡಿರಾ? ತೊಗರಿಯ ಸಿಪ್ಪೆ ಕಡಲೆಯ ಹಾಗೆ ಸಲೀಸಾಗಿ ಬಿಡುವುದಿಲ್ಲ, ಬೇಳೆಗೆ ಅಂಟಿನಂಥ ಪದರದಿಂದ ಹತ್ತಿಕೊಂಡಿರುತ್ತದೆ. ಅದಕ್ಕೇ ರೋಲರಿಗೆ ಕೊಟ್ಟು ಕಾಳಿನ ಮೈ ಗೀರುವುದು, ಎಣ್ಣೆ ಸವರುವುದು, ಬಿಸಿಲಿಗೆ ಹರವುವುದು, ರಾತ್ರಿ ಗುಡ್ಡೆ ಹಾಕಿ ತಾಡಪತ್ರಿ ಮುಚ್ಚುವುದು, ನೀರು ಚಿಮುಕಿಸಿ ಮತ್ತೆ ಒಣಗಿಸುವುದು. ಗುಡ್ಡೆಯೊಳಗಿನ ಕಾವಿನಲ್ಲಿ ಎಣ್ಣೆ ಒಳಗಿಳಿದು ಅಂಟು ಸಡಿಲಾಗುತ್ತದೆ. ಈ ಹದ ಬರುವ ಮೊದಲೇ ರೋಲರಿಗೆ ಹಾಕಿದರೆ ಸಿಪ್ಪೆ ಬಿಡದ ಕಾಳು ಉಳಿಯುತ್ತದೆ. ಅದನ್ನು ಮತ್ತೊಮ್ಮೆ, ಮಗದೊಮ್ಮೆ ರೋಲರಿಗೆ ಕೊಡಬೇಕು. ಪ್ರತಿ ಸಲವೂ ಬೇಳೆಯ ಅಂಚು ಸವೆದು ನುಚ್ಚು, ಚುನ್ನಿ (ದನದ ಮೇವಿಗೆ ಹೋಗುವ ಪುಡಿ) ಹೆಚ್ಚಾಗುತ್ತದೆ. ನೂರು ಕಿಲೊ ತೊಗರಿಗೆ ಹೆಚ್ಚುಕಡಿಮೆ 70ರಿಂದ 75 ಕಿಲೊ ಬೇಳೆ ಬರುವ ಧಂಧೆ ಇದು. ಅದರಲ್ಲಿ ಎರಡೇ ಕಿಲೊ ಕಳೆದುಕೊಂಡರೂ ದಿನಕ್ಕೆ 100 ಕ್ವಿಂಟಲ್ ಓಡುವ ಮಿಲ್ಲಿನಲ್ಲಿ ಎರಡು ಕ್ವಿಂಟಲ್ ಬೇಳೆ ದನದ ಮೇವಿನ ದರಕ್ಕೆ ಹೋಗುತ್ತದೆ. 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ಬೇಳೆ ನಮ್ಮದು. ಸಿಪ್ಪೆ ಅಂಟಿದ ಮಾಲು ಕಳಿಸಿದರೆ ಆ ಹೆಸರಿಗೂ ಕುಂದು.

ಮಿಸ್ತ್ರಿ ಒಂದು ಕಾಳು ತೆಗೆದು ಹಲ್ಲಿನಡಿ ಇಟ್ಟು ಕಚ್ಚುತ್ತಾರಲ್ಲ, ಅದು ಚಟವಲ್ಲ, ಒಣಗಿದ್ದನ್ನು ಅಳೆಯುವ ರೀತಿ. ಹಾಗೆಂದು ಅವರು ಹೇಳಿದ್ದೆಲ್ಲ ಸರಿ ಎಂದೂ ನಾನು ಹೇಳುತ್ತಿಲ್ಲ. ಒಂದೇ ಲಾಟಿನಿಂದ ಐದೈದು ಕ್ವಿಂಟಲ್ ಎರಡು ಪಾಲು ತೆಗೆಯಿರಿ. ಒಂದನ್ನು ಅವರ ರೀತಿ, ಇನ್ನೊಂದನ್ನು ಒಂದು ದಿನ ಕಡಿಮೆ ಒಣಗಿಸಿ. ಬೇಳೆ, ನುಚ್ಚು, ಚುನ್ನಿ, ಹೊಟ್ಟು ನಾಲ್ಕನ್ನೂ ಬೇರೆ ಬೇರೆ ತೂಗಿ ಅವರ ಎದುರಿಗೇ ಬರೆಯಿರಿ. ಒಂದೇ ಸಲ ನೋಡಿ ತೀರ್ಮಾನಕ್ಕೆ ಬರಬೇಡಿ. ಮೋಡ ಬಂದ ದಿನದ ಲೆಕ್ಕ ಬಿಸಿಲ ದಿನಕ್ಕೆ ಹೊಂದುವುದಿಲ್ಲ, ಮೂರು ಸಲವಾದರೂ ಮಾಡಿ. ಕೇಳುವ ರೀತಿಯೂ ಮುಖ್ಯ. ಮಿಲ್ಲಿನಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರೆ ನೀವೂ ಹಾಗೇ ಕರೆಯಿರಿ: 'ಕಾಕಾ, ಒಂದ್ ದಿನ ಕಮ್ಮಿ ಮಾಡಿದ್ರ ಏನಾಗ್ತದ, ನನಗ ಒಂದ್ಸಲ ತೋರಸ್ರೀ.' ಇಷ್ಟು ಹೇಳಿದರೆ ಮ್ಯಾನೇಜರಿಕೆ ಸಣ್ಣದಾಗುವುದಿಲ್ಲ.

ಮುಕಾದಮನ ಮಾತನ್ನು ನೀವು ಪೂರ್ತಿ ತಪ್ಪು ತಿಳಿದಿದ್ದೀರಿ. 'ಹಳೇ ಸಾಹೇಬ್ರು ಹೇಳಿದ್ರು' ಎಂಬುದು ಮೊಂಡುತನವಲ್ಲ. ಅವನು ಬಾಕಿ ಕೇಳುತ್ತಿದ್ದಾನೆ. ಹಿಂದಿನ ಮ್ಯಾನೇಜರ್ ಏನೋ ಮಾತು ಕೊಟ್ಟಿದ್ದಾರೆ, ಅದು ಯಾವ ಪುಸ್ತಕದಲ್ಲೂ ಇಲ್ಲ. ಥಪ್ಪಿ (ಚೀಲಗಳ ಅಟ್ಟಿ) ಇಷ್ಟು ಎತ್ತರಕ್ಕಿಂತ ಮೇಲೆ ಏರಿದರೆ ಚೀಲಕ್ಕೆ ಹೆಚ್ಚು ಹಮಾಲಿ, ಹಬ್ಬಕ್ಕೆ ಪೇಶಗಿ (ಮುಂಗಡ), ಯಾರದೋ ಮಗನಿಗೆ ಕೆಲಸ, ತೊಗರಿ ಸೀಸನ್ ಮುಗಿದ ಮೇಲೆ ಪಗಾರ ಏರಿಸುವುದು, ಹೀಗೆ ಬಾಯಿಮಾತಿನ ಮೇಲೆ ನಡೆದ ವ್ಯವಹಾರವೇ ಹೆಚ್ಚು. ಮ್ಯಾನೇಜರ್ ಹೋಗಬಹುದು, ಕೇಳಿಸಿಕೊಂಡವರು ಅಲ್ಲೇ ಇದ್ದಾರೆ. ಅವರ ಪಾಲಿಗೆ ಮಾತು ಕೊಟ್ಟಿದ್ದು ಮಿಲ್ಲು. ನೀವು ಕೂತಿರುವುದು ಆ ಮಿಲ್ಲಿನ ಕುರ್ಚಿಯಲ್ಲಿ.

ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಒಬ್ಬೊಬ್ಬರ ಜೊತೆ 15-20 ನಿಮಿಷ ಒಂಟಿಯಾಗಿ ಮಾತಾಡಿ, ಕ್ಯಾಬಿನ್ನಿಗೆ ಕರೆಸದೆ ಅವರು ಕೆಲಸ ಮಾಡುವ ಜಾಗದಲ್ಲೇ. ದಿನಕ್ಕೆ ನಾಲ್ವರಾದರೆ ಒಂಬತ್ತು ದಿನದಲ್ಲಿ ಮುಗಿಯುತ್ತದೆ. ನಿಮ್ಮ ಕೆಲಸ ಏನು, ಎಲ್ಲಿ ಅಡಚಣೆ ಆಗುತ್ತದೆ, ನಿಮಗೆ ಏನು ಮಾತು ಕೊಟ್ಟಿದ್ದರು, ಕೊಟ್ಟಾಗ ಯಾರಿದ್ದರು, ಇಷ್ಟೇ ಕೇಳಿ. ಕೇಳಿದ್ದನ್ನು ಅವರೆದುರೇ ಬರೆದು ಓದಿ ಹೇಳಿ. 'ನೋಡೋಣ, ಮಾಡೋಣ' ಎಂದು ಮಾತ್ರ ಅನ್ನಬೇಡಿ. ನಮ್ಮ ಕಡೆ 'ಮಾಡೋಣ' ಎಂದರೆ ಒಪ್ಪಿದ ಹಾಗೆ, ಅಲ್ಲಿಗೆ ಇನ್ನೊಂದು ಸಾಲ ಏರಿತು. 'ಬರಕೊಂಡೀನಿ, ಸಾವಕಾರ್ರಿಗೆ ಕೇಳಿ ಇಂಥ ದಿನ ಹೇಳ್ತೀನಿ' ಎಂದು ತಾರೀಖು ಕೊಡಿ. ಸಾವಕಾರ್ರು ಎಂದರೆ ಮಿಲ್ಲಿನ ಮಾಲೀಕರು.

ಆಮೇಲೆ ಆ ಪುಸ್ತಕ ಹಿಡಿದು ಸಾವಕಾರರ ಮುಂದೆ ಒಮ್ಮೆಗೇ ಕೂತುಕೊಳ್ಳಿ. ಪ್ರತಿ ಸಾಲಿಗೂ ಹೌದು ಅಥವಾ ಇಲ್ಲ ಬರೆಸಿ ಸಹಿ ಮಾಡಿಸಿಕೊಳ್ಳಿ. ದಿನಕ್ಕೊಂದು ವಿಷಯ ಒಯ್ದರೆ ಅವರೂ ಬೇಸರಪಡುತ್ತಾರೆ, ಉತ್ತರವೂ ದಿನಕ್ಕೊಂದು ಥರ ಬರುತ್ತದೆ. 'ಇಲ್ಲ' ಎಂದಿದ್ದನ್ನು ಹೇಳುವುದು ಕಷ್ಟ, ಆದರೂ ಆ ತಾರೀಖಿಗೆ ನೀವೇ ಹೋಗಿ ಹೇಳಬೇಕು. ಗುಮಾಸ್ತನ ಕೈಲಿ ಹೇಳಿ ಕಳಿಸಿದರೆ ಮುಗಿಯಿತು, ಮುಂದೆ ಯಾರೂ ನಿಮ್ಮ ಹತ್ತಿರ ನಿಜ ಬಿಚ್ಚುವುದಿಲ್ಲ.

ನಿಮ್ಮ ನಿಜವಾದ ಪರೀಕ್ಷೆ ಮೊದಲ ಬಟವಾಡೆ, ಅಂದರೆ ಪಗಾರ ಹಂಚುವ ದಿನ. ಪೇಶಗಿ ಲೆಕ್ಕ ತಕರಾರಿನಲ್ಲಿದ್ದರೆ, ಅಂದರೆ ಪುಸ್ತಕ 20,000 ಅನ್ನುತ್ತದೆ, ಆಳು 15,000 ಅನ್ನುತ್ತಾನೆ ಎಂದಾದರೆ, ಆ ತಿಂಗಳು ಅವನ ಪಗಾರದಲ್ಲಿ ಮುರಿಯಬೇಡಿ. ಲೆಕ್ಕ ಕೂಡಿದ ಮೇಲೆ ಮುರಿಯಿರಿ. ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಕಾರ್ಮಿಕರ ವಿಮೆ) ಚಲನ್ ತೆಗೆದು ನೋಡಿ. ಎರಡನ್ನೂ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಇಎಸ್‌ಐಗೆ ಆಳಿನ ಪಗಾರದಲ್ಲಿ ಮುರಿಯುವುದು ಶೇ. 0.75, ಮಾಲೀಕರು ಕೂಡಿಸುವುದು ಶೇ. 3.25. ಪಗಾರದಲ್ಲಿ ಮುರಿದು ಕಟ್ಟದೇ ಇದ್ದದ್ದು ಸಿಕ್ಕರೆ ಅದೇ ದಿನ ಸಾವಕಾರರಿಗೆ ಲಿಖಿತವಾಗಿ ತಿಳಿಸಿ, ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ. ಈ ವಿಷಯದಲ್ಲಿ ನಾನು ಅತಿಯಾಗಿಯೇ ಹೆದರುತ್ತೇನೆ, ನೀವೂ ಹೆದರಿ.

ಮೊದಲ ತಿಂಗಳು ಪದ್ಧತಿ ಬದಲಿಸಬೇಡಿ. ಹಾಗೆಂದರೆ ಅಪಾಯವನ್ನೂ ಹಾಗೇ ಬಿಡಿ ಎಂದಲ್ಲ. ಬೆಲ್ಟಿಗೆ ಜಾಲರಿ ಇಲ್ಲದಿದ್ದರೆ, ವೈರ್ ಬಾಯಿ ತೆರೆದಿದ್ದರೆ, ಕುಡಿದು ಮಶೀನ್ ಹತ್ತಿರ ಬಂದರೆ, ಆ ಕ್ಷಣವೇ ನಿಲ್ಲಿಸಿ. ಅಲ್ಲಿ ಯಾರ ಹಿರಿತನವೂ ನಡೆಯುವುದಿಲ್ಲ.

ಇನ್ನೊಂದು ಮಾತು, ನೀವು ಬೆಂಗಳೂರಿನಿಂದ ಬಂದವರು ಎಂದು ಬರೆದಿದ್ದರಿಂದ. ಎಳ್ಳ ಅಮಾವಾಸ್ಯೆಗೆ ಹಾಜರಿ ಹಾಕಲು ಕೂತುಕೊಳ್ಳಬೇಡಿ. ಅವತ್ತು ಊರೇ ಹೊಲದಲ್ಲಿರುತ್ತದೆ, ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು. ಹೊಸ ತೊಗರಿ ಬರುವುದೂ ಆ ಹೊತ್ತಿಗೇ, ಆದ್ದರಿಂದ ಲಾರಿಗಳನ್ನು ಹಿಂದಿನ ದಿನವೇ ತುಂಬಿಸಿ. ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ದರ್ಗಾದ ಉರುಸು, ಮೊಹರಂ ಇವನ್ನೂ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ. ಬೇಸಿಗೆಯಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಮೇ ತಿಂಗಳ ಎರಡು ಗಂಟೆ ಬಿಸಿಲಲ್ಲಿ ಅಂಗಳದಲ್ಲಿ ಚೀಲ ಹೊರಿಸಬೇಡಿ.

ಹಿಂದಿನ ಕಂಪನಿಯಿಂದ ನನ್ನ ನಂಬಿಗಸ್ಥರು ಇಬ್ಬರನ್ನು ಕರೆತರಲೆ? (ಯಾದಗಿರಿ)

ಆರು ತಿಂಗಳು ಬೇಡ. ಅವರು ಬಂದ ದಿನದಿಂದ ಉಳಿದವರ ಕಣ್ಣಿಗೆ ಅವರು ನಿಮ್ಮ ಗೂಢಚಾರರು.

ತಡವಾಗಿ ಬರುವವರ ಹೆಸರನ್ನು ವಾಟ್ಸಾಪ್ ಗ್ರೂಪಿನಲ್ಲಿ ಹಾಕಬಹುದೆ? (ಸೇಡಂ)

ಹಾಕಬೇಡಿ.

ಸಹಕಾರಿ ಸಂಘದಲ್ಲಿ ನಿನ್ನೆಯವರೆಗೆ ಜೊತೆಗಾರನಾಗಿದ್ದೆ, ಈಗ ಅವರಿಗೇ ಮ್ಯಾನೇಜರ್. ಒಬ್ಬ ಗೆಳೆಯನೂ ಈ ಹುದ್ದೆ ಕೇಳಿದ್ದ. (ಹುಮನಾಬಾದ್)

ಮೊದಲು ಅವನ ಹತ್ತಿರವೇ ಹೋಗಿ, ಬೇರೆಯವರು ಇಬ್ಬರ ನಡುವೆ ಬಾಯಿ ಹಾಕುವ ಮೊದಲು. ಸಮಾಧಾನ ಹೇಳಬೇಡಿ, ಜವಾಬ್ದಾರಿಯ ಕೆಲಸವೊಂದನ್ನು ಅವನ ಹೆಸರಿಗೆ ಬರೆದುಕೊಡಿ. ಜೊತೆಗಾರರ ಹತ್ತಿರ ಕೈಗಡ ತಗೊಂಡಿದ್ದರೆ ಈ ವಾರವೇ ತೀರಿಸಿ. ಐನೂರು ರೂಪಾಯಿ ಬಾಕಿ ಇಟ್ಟುಕೊಂಡು ಅವರ ರಜೆ ಅರ್ಜಿಗೆ 'ಇಲ್ಲ' ಎಂದು ಬರೆಯಲು ಆಗುವುದಿಲ್ಲ.

ಪ್ಯಾಕಿಂಗ್ ಘಟಕಕ್ಕೆ ನಾನು ಮ್ಯಾನೇಜರ್. ಹೆಣ್ಣುಮಗಳು ಎಂದು ಗಂಡಾಳುಗಳು ಎಲ್ಲವನ್ನೂ ಗುಮಾಸ್ತನ ಹತ್ತಿರ ಕೇಳುತ್ತಾರೆ. (ಶಹಾಪುರ)

ತಪ್ಪು ಅವರದೇ, ಆದರೆ ದಾರಿ ಗುಮಾಸ್ತನಿಂದ ತಿರುಗಿಸಬೇಕು. ರಜೆ, ಪೇಶಗಿ, ಪಾಳಿ ಬದಲು, ಈ ಮೂರಕ್ಕೂ ನಿಮ್ಮ ಸಹಿ ಇಲ್ಲದೆ ಕ್ಯಾಷಿಯರ್ ಹಣ ಕೊಡಬಾರದು, ಮೇಸ್ತ್ರಿ ಹಾಜರಿ ಹಾಕಬಾರದು ಎಂದು ಮಾಲೀಕರಿಂದ ಒಂದು ಸಾಲಿನ ಆದೇಶ ಬರೆಸಿ ಗೋಡೆಗೆ ಅಂಟಿಸಿ. ಗುಮಾಸ್ತನನ್ನು ಕರೆದು, ಯಾರೇ ಕೇಳಿದರೂ 'ಮೇಡಂಗ ಕೇಳ್ರೀ' ಎಂಬ ಒಂದೇ ಉತ್ತರ ಕೊಡಲು ಹೇಳಿ. ಅವರು ನಿಮ್ಮ ಟೇಬಲ್ಲಿಗೆ ಬಂದಾಗ ಕಾಯಿಸಬೇಡಿ, ಎದುರಿಗೇ ಓದಿ ಅಲ್ಲೇ ಸಹಿ ಮಾಡಿ ಕಳಿಸಿ.